ರುಚಿ ಹತ್ತಿಸುವ ಹಟ

ತನಗೆ ರುಚಿಸಿದ್ದು ಎದುರಿಗಿದ್ದವನಿಗೂ ರುಚಿಸಲೇಬೇಕು ಎಂಬ ಹಟ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನಾನು ಆ ಪೈಕಿ. ಊಟಕ್ಕೆ ಕೂತವರು ಪುಂಡಿಪಲ್ಯವನ್ನು ಎರಡನೆಯ ಸಲ ಹಾಕಿಸಿಕೊಳ್ಳದಿದ್ದರೆ ನನಗೆ ಮೊದಲು ಅವರ ಆರೋಗ್ಯದ ಮೇಲೆ ಅನುಮಾನ ಬರುತ್ತದೆ, ಆಮೇಲೆ ಅವರ ಗುಣದ ಮೇಲೆ. ನಮ್ಮಪ್ಪನೂ ಹೀಗೆಯೇ ಇದ್ದ. ಹಲ್ಲುಜ್ಜಲು ಬೇವಿನ ಕಡ್ಡಿಯಂಥದ್ದು ಬೇರೊಂದಿಲ್ಲ ಎಂದು ಅವನ ನಂಬಿಕೆ. ಮನೆಗೆ ಬಂದ ಬೀಗರನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿ, ತಾನೇ ಗಿಡ ಹತ್ತಿ ಕಡ್ಡಿ ಮುರಿದು ಕೊಡುತ್ತಿದ್ದ. ಬೀಗರು ಬರುವುದು ಕಡಿಮೆಯಾಯಿತೇ ಹೊರತು ಅಪ್ಪನ ಹಟ ಕಡಿಮೆಯಾಗಲಿಲ್ಲ. ಇಂಥ ವಂಶದಲ್ಲಿ ಹುಟ್ಟಿದ ನಾನು ಒಮ್ಮೆ ಹೈದರಾಬಾದಿನವರೊಬ್ಬರಿಗೆ ಸುರಪುರದ ರುಚಿ ಹತ್ತಿಸಲು ಟೊಂಕ ಕಟ್ಟಿ ನಿಂತೆ.

ಆಗ ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾನು ಸುರಪುರದ ಶಾಲೆಯಲ್ಲಿ ಕನ್ನಡ ಮಾಸ್ತರ. ಉಳಿದ ಪಾಠಗಳೆಲ್ಲ ಉರ್ದುವಿನಲ್ಲಿ. ಕನ್ನಡಕ್ಕೆ ಸಿಕ್ಕಿದ್ದು ಮಧ್ಯಾಹ್ನ ಉಂಡ ಮೇಲೆ ಹುಡುಗರು ತೂಕಡಿಸುವ ಹೊತ್ತು. ಮದುವೆಯಾಗಿರಲಿಲ್ಲ. ಮಲ್ಲವ್ವ ಎಂಬ ಮುದುಕಿಯ ಅಂಗಳದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅದೇ ಅಂಗಳದ ಎದುರು ಕೋಣೆಗೆ ಬಂದವರು ಕರೀಮ್ ಮಾಸ್ತರರು, ಲೆಕ್ಕ ಕಲಿಸಲು ಹೊಸದಾಗಿ ನೇಮಕವಾದವರು. ನನ್ನದೇ ಪ್ರಾಯ. ಮೈಗೆ ಇಸ್ತ್ರಿ ಮಾಡಿದ ಶೇರವಾನಿ, ತಲೆಗೆ ಕಪ್ಪು ಗೊಂಡೆ ಜೋತಾಡುವ ಕೆಂಪು ರೂಮಿ ಟೋಪಿ, ಸಾಮಾನಿನಲ್ಲಿ ಒಂದು ಹಾರ್ಮೋನಿಯಂ ಮತ್ತು ಒಂದು ಚಹದ ಕೆಟಲಿ. ಹುಟ್ಟಿದಾಗಿನಿಂದ ಹೈದರಾಬಾದು ಬಿಟ್ಟು ಬಂದವರಲ್ಲ. ಸುರಪುರದಲ್ಲಿ ಇಳಿದ ದಿನದಿಂದ ಅವರ ಮುಖ ಬಿಸಿಲಿಗೆ ಇಟ್ಟ ಹಪ್ಪಳದ ಹಾಗೆ ದಿನದಿನಕ್ಕೆ ಮುರುಟುತ್ತ ಹೋಯಿತು. ಕೊನೆಗೊಂದು ದಿನ, ಈ ಬೇಸಿಗೆ ಮುಗಿಯುತ್ತಲೇ ಇಸ್ತೀಫಾ ಕೊಟ್ಟು ಹೊರಡುತ್ತೇನೆ ಎಂದು ಹೇಳಿಬಿಟ್ಟರು.

ಹೆಡ್‌ಮಾಸ್ತರರು ನನ್ನನ್ನು ಕರೆಸಿದರು. "ಕರೀಮ್ ಸಾಹೇಬ್ರು ಹೋದ್ರ ಬ್ಯಾರೆ ಮಂದಿ ಸಿಗೂದಿಲ್ಲ. ಲೆಕ್ಕಾನೂ ನೀವ ಕಲಿಸಬೇಕಾಗ್ತದ ನೋಡ್ರಿ," ಎಂದರು.

ನನಗೂ ಲೆಕ್ಕಕ್ಕೂ ಸಣ್ಣಂದಿನಿಂದ ಮಾತುಕತೆ ಇಲ್ಲ. ಕರೀಮರು ಒಳ್ಳೆಯವರು, ಸಂಜೆಯ ಹೊತ್ತು ಮಾತಿಗೆ ಜೊತೆಯಾಗುವವರು ಎಂಬುದೂ ನಿಜ. ಆದರೆ ಅವರು ಹೋಗಬಾರದು ಎಂದು ಅಂದು ನಾನು ಮಾಡಿದ ನಿಶ್ಚಯಕ್ಕೆ ಸ್ನೇಹವೇ ಪೂರ್ತಿ ಕಾರಣ ಎಂದರೆ ಸುಳ್ಳಾದೀತು.

ಅದೇ ಸಂಜೆ ಹೋಗಿ ಹೇಳಿದೆ: "ಊರಿನ ರುಚಿ ನೋಡದೇ ಊರು ಬಿಟ್ಟು ಹೋಗೂದು ಸರಿ ಅಲ್ಲ, ಮಾಸ್ತರ." ಆಗ ಅವರಿಗೆ ಕನ್ನಡ ಬರುತ್ತಿರಲಿಲ್ಲ, ಇದೆಲ್ಲ ನಡೆದದ್ದು ದಖ್ಖನಿ ಉರ್ದುವಿನಲ್ಲಿ. ಅವರು ಸ್ವಲ್ಪ ಯೋಚಿಸಿ ಒಂದು ಕರಾರು ಹಾಕಿದರು. ನಮ್ಮದನ್ನು ಅವರು ನೋಡಬೇಕಾದರೆ ಅವರದನ್ನು ನಾನೂ ನೋಡಬೇಕು. ಅದರಲ್ಲೇನು ಕಷ್ಟ ಎಂದು ಒಪ್ಪಿಕೊಂಡೆ.

ಊಟದಿಂದ ಶುರುಮಾಡಿದೆ. ಕಟಕ ರೊಟ್ಟಿ, ಮೇಲೊಂದಿಷ್ಟು ಕೆಂಪು ಖಾರ. ಕರೀಮರು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಇದನ್ನು ಎಲ್ಲಿಂದ ತೆರೆಯಬೇಕು ಎಂಬಂತೆ ತಿರುಗಿಸಿ ನೋಡಿದರು. ಮುರಿದಾಗ ಆದ ಸದ್ದಿಗೆ ಮಲ್ಲವ್ವನ ಆಡು ಎದ್ದು ನಿಂತಿತು. ಖಾರ ನಾಲಿಗೆಗೆ ತಗಲಿದ್ದೇ ತಡ, ಶೇರವಾನಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದವರು ಕೆಟಲಿ ಹಿಡಿದು ಹೊರಗೆ ಬಂದರು. ಈಗ ನನ್ನ ಸರದಿ. ಚಹ ನಮ್ಮ ಮನೆತನದಲ್ಲಿ ಯಾರೂ ಮುಟ್ಟಿರಲಿಲ್ಲ. ನೆಗಡಿಯ ಕಷಾಯವೆಂದು ತಿಳಿದು ಕಣ್ಣುಮುಚ್ಚಿ ಕುಡಿದೆ. ಎರಡನೆಯ ದಿನ ಕಣ್ಣು ತೆರೆದು ಕುಡಿದೆ. ಮೂರನೆಯ ದಿನ, ಅವರು ರೊಟ್ಟಿ ಮುಟ್ಟದಿದ್ದರೂ, ಕರಾರಿನ ನೆನಪು ಮಾಡಿಕೊಟ್ಟು ನಾನೇ ಚಹದ ಬಸಿ ಮುಂದೆ ಹಿಡಿದೆ.

ಆಮೇಲೆ ಪ್ರವಾಸ. ಸಗರದಲ್ಲಿ ನಮ್ಮ ಸೋದರತ್ತೆಯ ಮನೆ. ಎತ್ತಿನ ಗಾಡಿ ಕಟ್ಟಿಸಿ ಹೊರಟೆವು. ನನ್ನ ಪ್ರಕಾರ ಪ್ರಯಾಣವೆಂದರೆ ದಾರಿಯಲ್ಲಿ ಕಂಡವರನ್ನೆಲ್ಲ ಮಾತಾಡಿಸುವುದು, ಗಿಡದ ನೆರಳು ಕಂಡಲ್ಲಿ ಇಳಿಯುವುದು, ಬುತ್ತಿ ಬಿಚ್ಚುವುದು. ಕರೀಮರ ಪ್ರಕಾರ ಪ್ರಯಾಣವೆಂದರೆ ಮುಟ್ಟುವುದು. "ಊರು ಎಲ್ಲಿ?" ಎಂದು ಅವರು ಕೇಳಿದಾಗಲೆಲ್ಲ ಗಾಡಿಯವನು, "ಬಂತ್ರಿ, ಇಲ್ಲೇ ಐತಿ," ಎನ್ನುತ್ತಿದ್ದ. ಸಗರ ಮುಟ್ಟುವಷ್ಟರಲ್ಲಿ ಅವರ ಬೆನ್ನು ಗಾಡಿಯ ನೊಗದಂತೆ ಬಾಗಿತ್ತು. ಅತ್ತೆ ಎಣ್ಣೆ ಕಾಯಿಸಿ ಕೊಟ್ಟಳು. ಇದರ ಬದಲಿಗೆ ಅವರು ನನ್ನನ್ನು ಯಾದಗಿರಿಗೆ ಕರೆದೊಯ್ದು ರೈಲು ಹತ್ತಿಸಿದರು. ಕಿಟಕಿಯಲ್ಲಿ ತಲೆ ಹಾಕಿ ಕೂತೆ. ಕಣ್ಣಲ್ಲಿ ಇದ್ದಿಲ ಪುಡಿ ಬಿತ್ತು. ಆದರೂ ವಾಡಿ ಬಂದಾಗ ಇಳಿಯಲು ಮನಸ್ಸಾಗದೆ, ಅವರು ನನ್ನ ರಟ್ಟೆ ಹಿಡಿದು ಎಳೆಯಬೇಕಾಯಿತು.

ಸಂಗೀತದಲ್ಲೂ ಅದೇ ಪಾಡು. ಸೋಮವಾರ ಸಂಜೆ ಮಠದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಾರೆ. ಕರೆದುಕೊಂಡು ಹೋದೆ. ಅವರು ಸಾಲು ಸಾಲಿಗೂ ಅರ್ಥ ಕೇಳಿದರು. ತತ್ವಪದದ ಅರ್ಥ ಹಾಡುವವನಿಗೇ ಗೊತ್ತಿರುವುದು ಕಷ್ಟ, ನನಗೆಲ್ಲಿಂದ ಗೊತ್ತು? "ದೇಹವೆಂದರೆ ಒಂದು ಗಡಿಗೆ," ಎಂದು ಶುರುಮಾಡಿ, ಆ ಗಡಿಗೆಯಲ್ಲಿ ಏನಿದೆ ಎಂದು ಅವರು ಕೇಳಿದಾಗ ಜೋರಾಗಿ ತಾಳ ಹಾಕತೊಡಗಿದೆ. ಮರುದಿನ ಅವರು ಹಾರ್ಮೋನಿಯಂ ತೆಗೆದು ಗಜಲು ಹಾಡಿದರು. "ವಾಹ್ ವಾಹ್" ಎಲ್ಲಿ ಹೇಳಬೇಕೆಂದು ತಿಳಿಯದೆ ಅವರು ಕೆಮ್ಮಿದಾಗ ಹೇಳಿದೆ. ಆದರೆ ರಾಗ ಹೇಗೋ ಕಿವಿಯಲ್ಲಿ ಉಳಿಯಿತು. ಶಾಲೆಗೆ ಹೋಗುವಾಗ ಗುನುಗಿಕೊಂಡೆ. ಒಟ್ಟಿನಲ್ಲಿ ರುಚಿ ಹತ್ತಿದ್ದು ನನಗೆ. ಅವರು ಮಾತ್ರ ಊರಿಗೆ ಹೊರಡಲು ಬಟ್ಟೆಯ ಪೆಟ್ಟಿಗೆಯ ಧೂಳು ಜಾಡಿಸತೊಡಗಿದ್ದರು.

ಆಗ ಮಲ್ಲವ್ವನ ಆಡು ನಡುವೆ ಬಂದಿತು. ಗೋಡೆಯ ಮೇಲೆ ಇಟ್ಟಿದ್ದ ರೂಮಿ ಟೋಪಿಯ ಗೊಂಡೆಯನ್ನು ಬುಡಸಹಿತ ಮೇಯ್ದುಬಿಟ್ಟಿತು. ಕರೀಮರು ಟೋಪಿ ಹಿಡಿದು ಅಂಗಳಕ್ಕೆ ಬಂದು ಉರ್ದುವಿನಲ್ಲಿ ಕೂಗಾಡಿದರು. ಮಲ್ಲವ್ವ ಸೆರಗು ಸಿಕ್ಕಿಸಿ ಎದ್ದಳು.

"ಆಡಿಗೇನ್ ಗೊತ್ತೋ ಅದು ಟೊಪಗಿ ಅಂತ? ಟೊಪಗಿ ಗ್ವಾಡಿ ಮ್ಯಾಲ ಇಟ್ಟಾಂವ ತಲಿ ಎಲ್ಲಿ ಇಟ್ಟಿದ್ದಿ? ಬಾಯಿಲ್ಲದ ಜೀವದ ಮ್ಯಾಲ ಬಾಯಿ ಮಾಡ್ತಾನ, ದೊಡ್ಡ ಪಟ್ಟಣದಾಂವ!" ಅದು ಬರೀ ಪೀಠಿಕೆ. ಮುಂದಿನದನ್ನು ನಾನು ಬರೆಯಲಾರೆ.

"ಏನಂದರು?" ಎಂದು ಕರೀಮರು ನನ್ನ ಕಡೆ ತಿರುಗಿದರು.

"ಬಾಳ ಬೇಜಾರಾಗೇದ ಅಂತಾರ."

ಕರೀಮರು ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಬೇಜಾರನ್ನು ಯಾರಾದರೂ ಇಷ್ಟು ಹೊತ್ತು, ಹೀಗೆ ಕೈ ತಿರುವಿ ಹೇಳುತ್ತಾರೆಯೇ?" ಎಂದರು. ಅವರಿಗೆ ಸಿಟ್ಟು ಬಂದದ್ದು ಈಗ ಆಡಿನ ಮೇಲಲ್ಲ, ನನ್ನ ಮೇಲೆ. ತಿರುಗಿ ಜವಾಬು ಕೊಡದೆ ಊರು ಬಿಡುವುದಿಲ್ಲ, ಅದಕ್ಕೆ ಬೇಕಾದಷ್ಟು ಕನ್ನಡ ಕಲಿತೇ ತೀರುತ್ತೇನೆ ಎಂದು ಪಟ್ಟು ಹಿಡಿದರು. ಹಟ ನಮ್ಮ ವಂಶದ ಸೊತ್ತು ಎಂದುಕೊಂಡಿದ್ದ ನಾನು ಅಂದೇ ಬಳಪ ಹುಡುಕತೊಡಗಿದೆ.

ಎಂಟು ಹತ್ತು ದಿನ ನನ್ನ ಹತ್ತಿರ ಪಾಠ ಮಾಡಿಕೊಂಡು, ಒಂದು ಮುಂಜಾನೆ ಒಲೆಯ ಮುಂದೆ ಕೂತಿದ್ದ ಮಲ್ಲವ್ವನ ಎದುರು ಹೋಗಿ ನಿಂತರು. "ಅವ್ವಾ, ನಿಮ್ಮ ಆಡು ಬಾಳ ಹೊಲಸು ಅದ!"

ಮಲ್ಲವ್ವ ಕೈಯ ಹಿಟ್ಟು ಬಿಟ್ಟು ನಗತೊಡಗಿದಳು. "ಅಯ್ಯ ನನ್ನಪ್ಪ, ಮಾತು ಬಂತು ನೋಡು! ಹೊಲಸು ಅನಬಾರದೋ, ದರಿದ್ರ ಅನಬೇಕು. ಕುಂದ್ರು, ಕಲಸ್ತೀನಿ."

ಕೂತರು. ಅಂದಿನಿಂದ ದಿನಾ ಕೂತರು. ಜಗಳ ನಡೆಯುತ್ತಿತ್ತು, ನಡುನಡುವೆ ರೊಟ್ಟಿ ಬೇಯುತ್ತಿತ್ತು. "ಹಲ್ಲಿಲ್ಲದಾಕಿ ನಾ ತಿಂತೀನಿ, ನಿನಗೇನಾಗೇತಿ ಧಾಡಿ?" ಎಂದು ಅವಳು ಬಿಸಿ ರೊಟ್ಟಿಯನ್ನು ಕೈಗೆ ಎಸೆದರೆ ಇವರು ಊದಿಕೊಂಡು ತಿನ್ನುತ್ತಿದ್ದರು. ನಾನು ತಿಂಗಳುಗಟ್ಟಲೆ ಬೇಡಿಕೊಂಡು ಮಾಡಿಸಲಾಗದ್ದನ್ನು ಆ ಮುದುಕಿ ಬೈದು ಮಾಡಿಸಿದಳು. ಬೇಸಿಗೆ ಮುಗಿಯಿತು. ಇಸ್ತೀಫಾದ ಸುದ್ದಿ ಎತ್ತಿದವರಿಗೆ ಕರೀಮರು, "ಯಾವ ದರಿದ್ರ ಹೇಳಿದ ನಿಮಗ?" ಎನ್ನತೊಡಗಿದರು.

ನನಗೆ ಹೆಣ್ಣು ಕೊಟ್ಟ ಮಾವ ದೋರನಹಳ್ಳಿಯ ಬಸವಂತಪ್ಪನವರು ವರ ನೋಡಲು ಬಂದದ್ದು ಇಂಥ ಸಮಯದಲ್ಲಿ. ಮುನ್ಸೂಚನೆ ಕೊಡದೆ, ಶಾಲೆಗೆ ರಜೆಯ ಶುಕ್ರವಾರ, ನೇರ ಅಂಗಳಕ್ಕೆ ಬಂದರು. ಕಟ್ಟೆಯ ಮೇಲೆ ಒಬ್ಬ ಲುಂಗಿ ಉಟ್ಟು, ತಲೆಗೆ ವಸ್ತ್ರ ಸುತ್ತಿ, ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುತ್ತ ಮುದುಕಿಯ ಜೊತೆ ಆಡಿನ ವಿಷಯಕ್ಕೆ ವಾದ ಮಾಡುತ್ತಿದ್ದಾನೆ. ಒಳಗೆ ಇನ್ನೊಬ್ಬ ಪೈಜಾಮಾ ತೊಟ್ಟು, ಪಕ್ಕದಲ್ಲಿ ಚಹದ ಬಸಿ ಇಟ್ಟುಕೊಂಡು, ಹಾರ್ಮೋನಿಯಂ ಒತ್ತುತ್ತ ಗಜಲು ಹಾಡುತ್ತಿದ್ದಾನೆ. ಬಸವಂತಪ್ಪನವರು ಅನುಮಾನವಿಲ್ಲದೆ ಕಟ್ಟೆಯ ಕಡೆ ನಡೆದರು.

"ಬರ್ರಿ ಯಜಮಾನ್ರ, ಕುಂದರ್ರಿ. ರೊಟ್ಟಿ ತಿಂತೀರೇನು?" ಎಂದರು ಕರೀಮರು. ಮಳೆ ಬೆಳೆಯ ಮಾತಾಯಿತು, ಜೋಳದ ಮಾತಾಯಿತು. ಬಸವಂತಪ್ಪನವರ ಮುಖ ಅರಳಿತು. ಮೆಲ್ಲಗೆ ಬಗ್ಗಿ ಕೇಳಿದರು, "ಆ ಒಳಗ ಒದರಾಕತ್ತಾನಲ್ಲ, ಅಂವ ಯಾರ್ರಿ?"

ಮಲ್ಲವ್ವ ಹೇಳಿದಳು: "ಅಂವನ ನೋಡ್ರಿ ನೀವು ನೋಡಾಕ ಬಂದ ಮಾಸ್ತರ!"

ಹಾಡು ನಿಂತಿತು. ನಾನು ಹೊರಗೆ ಬಂದು, ಏನು ಮಾಡಬೇಕೆಂದು ತೋಚದೆ, ಅವರಿಗೂ ಚಹ ಕೊಟ್ಟೆ. ಒಂದು ಗುಟುಕು ಕುಡಿದು ಬಸಿ ಕೆಳಗಿಟ್ಟರು. ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿ, "ರೊಟ್ಟಿ ತಿಂತೀರೋ, ಅದನ್ನೂ ಬಿಟ್ಟೀರೋ?" ಎಂದರು. ಸಂಬಂಧ ತಪ್ಪಿತು ಎಂದೇ ತಿಳಿದೆ. ಆಗ ಕರೀಮರು ಎದ್ದು ನಿಂತು ಹೇಳಿದರು: "ಯಜಮಾನ್ರ, ಚಾದ ಚಟ, ಹಾಡಿನ ಚಟ ಎಲ್ಲಾ ನಾ ಹಚ್ಚಿದ್ದು. ನಾ ಇಲ್ಲಿ ಉಳೀಲಿ ಅಂತ ಇವ್ರು ಕಲ್ತಾರ. ಒಬ್ಬ ಪರದೇಶಿಗೆ ಇಷ್ಟು ಮಾಡಾಂವ ನಿಮ್ಮ ಮಗಳಿಗೆ ಎಷ್ಟು ಮಾಡ್ಯಾನು, ನೀವ ಹೇಳ್ರಿ."

ಬಸವಂತಪ್ಪನವರು ಬಸಿ ಎತ್ತಿ ಉಳಿದ ಚಹ ಕುಡಿದರು. ಲೆಕ್ಕ ಕಲಿಸಬೇಕಾದೀತೆಂಬ ಆ ಹಳೆಯ ಭಯ ನೆನೆದು ನನಗೆ ತಲೆಯೆತ್ತಲಾಗಲಿಲ್ಲ.

ಮದುವೆಯಾಯಿತು. ಹೆಂಡತಿ ನೀಲಮ್ಮ ಸುರಪುರಕ್ಕೆ ಬಂದ ವಾರದಲ್ಲೇ ಅವಳಿಗೆ ಚಹದ ರುಚಿ ಹತ್ತಿಸಲೇಬೇಕೆಂದು ನಾನು ಪಣ ತೊಟ್ಟೆ. ಏಲಕ್ಕಿ ಹಾಕಿ, ಹಾಲು ಹೆಚ್ಚು ಬೆರೆಸಿ, ಕಾಸಿ ಕಾಸಿ ಕೊಟ್ಟೆ. ಅವಳು ಮೂಸಿ ನೋಡಿ, ಬಸಿಯನ್ನು ನನ್ನ ಕಡೆಗೇ ಸರಿಸಿದಳು. "ಕರೀಮಣ್ಣ ಹೂಂ ಅಂದ್ರ ಕುಡೀತೀನಿ. ಕೇಳಿ ಬರ್ರಿ."

ಗೆದ್ದೆನೆಂದು ಅಂಗಳಕ್ಕೆ ಓಡಿದೆ. ಕಟ್ಟೆಯ ಮೇಲೆ ಕೂತು ಹಲ್ಲುಜ್ಜಿದ ಬೇವಿನ ಕಡ್ಡಿ ಸೀಳುತ್ತಿದ್ದ ಕರೀಮರು ಅಲ್ಲಿಂದಲೇ ಕೂಗಿದರು:

"ಬ್ಯಾಡ ತಂಗಿ, ಪಿತ್ತ ಆಗ್ತದ. ಅವೆಲ್ಲಾ ಪಟ್ಟಣದವ್ರ ಚಟ!"