ಮಧ್ಯಮ ದರದ ನಿಸರ್ಗ

ಅಚ್ಚಾದ ಅಕ್ಷರವನ್ನು ನಾನು ಬಹಳ ಬೇಗ ನಂಬಿಬಿಡುತ್ತೇನೆ. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು ನಾನು. ಚಿಕ್ಕಂದಿನಲ್ಲೇ ಓದಿದವರಿಗೆ ಅಕ್ಷರದ ಜೊತೆ ಇರುವ ಸಲುಗೆ ನನಗಿನ್ನೂ ಬಂದಿಲ್ಲ. ಬಿಸ್ಕಿಟ್ ಪೊಟ್ಟಣದ ಮೇಲಿನ ಮಾತನ್ನೂ ನಿಜವೆಂದೇ ಓದುತ್ತೇನೆ. ಹಾಗಾಗಿ ಪರಿಸರಸ್ನೇಹಿ ಪ್ರವಾಸದ ಜಾಹೀರಾತನ್ನೂ ನಂಬಿದೆ.

ಆಗ ನನ್ನ ಹೆಂಡತಿ ಶಾಂತಾಳಿಗೆ ಗರ್ಭಕೋಶದ ಆಪರೇಷನ್ ನಿಗದಿಯಾಗಿತ್ತು. ಗಡ್ಡೆ ಎಂಥದೆಂದು ತೆಗೆದು ನೋಡಿದ ಮೇಲೆಯೇ ಹೇಳಬಹುದು, ಅಲ್ಲಿಯ ತನಕ ದಣಿಯಬಾರದು ಎಂದಿದ್ದರು ಡಾಕ್ಟರು. ಗದಗಿನ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ಬಿಬವೇವಾಡಿಯ ಎರಡು ಕೋಣೆಯಲ್ಲಿ ಸಂಸಾರ ಹೂಡಿದ ಮೇಲೆ ಆಕೆ ಎಲ್ಲಿಗೂ ಹೋದವಳಲ್ಲ. "ಏನರ ಆಸೆ ಅದ ಏನು ನಿನಗ?" ಎಂದು ಕೇಳಿದೆ.

"ಎರಡ ದಿನ ಎಲ್ಲ್ಯರ ಸುಮ್ನ ಕುಂದರಬೇಕ್ರಿ. ಯಾರೂ ನನಗ ಏನೂ ಕೇಳಬಾರದು," ಅಂದಳು.

ಪ್ರವಾಸದ ಆಫೀಸಿನ ಹುಡುಗಿ ಮೂರು ದರ ಹೇಳಿದಳು. ದುಬಾರಿ ದರಕ್ಕೆ ಮಣ್ಣಿನ ಗೋಡೆ, ಲಾಟೀನು, ಬರಿಗಾಲಲ್ಲಿ ತುಳಿಯಲು ಕೆಸರು. ಫ್ಯಾನ್ ಇಲ್ಲ, ಟಿವಿ ಇಲ್ಲ. ಮಧ್ಯಮ ದರಕ್ಕೆ ಹಿನ್ನೀರಿನ ದಂಡೆಯಲ್ಲಿ ಹಳ್ಳಿಯವರ ಮನೆ, ಒಲೆ ಅಡುಗೆ. ಅಗ್ಗದ್ದೆಂದರೆ ನಮ್ಮ ಬುತ್ತಿ ನಾವೇ ಕಟ್ಟಿಕೊಂಡು ಗುಡ್ಡ ಹತ್ತಿ, ಮಂದಿ ಬಿಸಾಡಿದ ಬಾಟಲಿ ಆರಿಸಿಕೊಂಡು ಇಳಿಯುವುದು. ದುಬಾರಿ ಕೋಣೆಯ ಫೋಟೋ ನೋಡಿ ಶಾಂತಾ, "ನಮ್ಮಪ್ಪನ ಮನ್ಯಾಗ ದನಾ ಕಟ್ಟೂ ಖೋಲಿ ಹಿಂಗ ಇತ್ತಲ್ರಿ!" ಅಂದಳು. ನಾವು ಇದನ್ನೆಲ್ಲ ಪುಕ್ಕಟೆ ಅನುಭವಿಸುತ್ತಿದ್ದಾಗ ಅದಕ್ಕೆ ಬಡತನವೆಂದು ಹೆಸರಿತ್ತು. ಕೊನೆಗೆ ಮಧ್ಯಮಕ್ಕೆ ದುಡ್ಡು ಕಟ್ಟಿದೆ.

ಗಾಡಿಯ ಹೊಗೆ ಪರಿಸರಕ್ಕೆ ಕೆಟ್ಟದ್ದೆಂದು ನಮ್ಮನ್ನು ದೂರವೇ ಇಳಿಸಿ ನಡೆಸಿದರು. ಒಲೆಯ ಹೊಗೆಗೆ ಮಾತ್ರ ಅಡ್ಡಿಯಿರಲಿಲ್ಲ. ಮನೆಯೊಡತಿ ಸುಮನಬಾಯಿಗೆ ಅಂದು ಮೈ ಸುಡುವ ಜ್ವರ. ಹಿಂಜವಾಡಿಯಿಂದ ಬಂದ ಸಾಫ್ಟ್‌ವೇರ್ ಹುಡುಗರು ಒಲೆಯ ಭಾಕರಿಗಾಗಿ, ಅಂದರೆ ನಮ್ಮ ರೊಟ್ಟಿಗಾಗಿ, ಕಾದು ಕೂತಿದ್ದರು. ಆಕೆ ಒಲೆ ಊದುತ್ತ ಗೋಡೆಗೆ ಒರಗಿದ್ದನ್ನು ನೋಡಿದ್ದೇ ಶಾಂತಾ ಎದ್ದು ಒಳಗೆ ಹೋದಳು. "ರಾಹೂ ದ್ಯಾ, ವಹಿನಿ," ಇರಲಿ ಬಿಡಿ ಎಂದು ಸುಮನಬಾಯಿ ಮರಾಠಿಯಲ್ಲಿ ತಡೆದರೂ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು.

"ಶಾಂತಾ, ಡಾಕ್ಟರ್ ಏನ್ ಹೇಳ್ಯಾರ?"

"ನಾಕ ರೊಟ್ಟಿ ಅಷ್ಟರಿ. ಜ್ವರದಾಗ ಆಕಿ ಬಡೀಬೇಕೇನು?"

ರೊಟ್ಟಿ ಬಡಿಯುವ ಸಪ್ಪಳಕ್ಕೆ ಹುಡುಗರು ಮೊಬೈಲ್ ಹಿಡಿದು ಬಂದರು. ಅವರಲ್ಲೊಬ್ಬ ಬೆಂಗಳೂರಿನವನು. "ಅಯ್ಯೋ, ಕನ್ನಡದವ್ರಾ ಆಂಟಿ! ಎಷ್ಟು ಆಥೆಂಟಿಕ್ ಆಗಿದೆ! ಇನ್ನೆರಡು ಸಿಗತ್ತಾ?" ಅಂದ. ನನ್ನ ಕಡೆ ತಿರುಗಿ, "ಅಂಕಲ್, ಸ್ವಲ್ಪ ಕುಡಿಯೋ ನೀರು ತರ್ತೀರಾ?" ಅಂದ. ತಂದುಕೊಟ್ಟೆ. ನಾವು ದುಡ್ಡು ಕಟ್ಟಿ ಬಂದು ಅವರ ನಿಸರ್ಗವಾಗಿದ್ದೆವು. ನಾಕು ರೊಟ್ಟಿ ಎಂದದ್ದು ಹಿಟ್ಟು ಮುಗಿಯುವ ತನಕ ನಡೆಯಿತು.

ಒಲೆ ಬಿಟ್ಟು ಎದ್ದವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತಳು. ಸೀರೆಯಲ್ಲಿ ರಕ್ತ. ಗಾಡಿಗಳು ನಿಂತಿದ್ದ ತನಕ ನನ್ನ ಭುಜ ಹಿಡಿದು ನಡೆದಳು. ದಾರಿಯುದ್ದಕ್ಕೂ ಹಕ್ಕಿಗಳ ಹೆಸರು ಬರೆದ ಫಲಕಗಳಿದ್ದವು. ನಾನು ಒಂದನ್ನೂ ಓದಲಿಲ್ಲ. ಆ ಬೆಂಗಳೂರಿನ ಹುಡುಗನೇ ತನ್ನ ಕಾರು ತೆಗೆದ. ನಮ್ಮ ಡಾಕ್ಟರ ಆಸ್ಪತ್ರೆಯ ಬಾಗಿಲಿಗೇ ತಂದು ಬಿಟ್ಟ.

ರಕ್ತ ನಿಲ್ಲಿಸಿ ಅಲ್ಲೇ ಉಳಿಸಿಕೊಂಡರು. ಆಪರೇಷನ್ ಇನ್ನೂ ಆಗಬೇಕಿತ್ತು. ಗಡ್ಡೆ ಎಂಥದೆಂದು ಯಾರಿಗೂ ತಿಳಿದಿರಲಿಲ್ಲ. ಮರುದಿನ ಮನೆಯಿಂದ ನಾನು ಹೋದಾಗ ವಾರ್ಡಿನ ಆಯಾ ಮಾವಶಿ ಊಟದ ತಟ್ಟೆ ತಂದಿಟ್ಟು ಹೋದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಕಿಟಕಿಯಾಚೆ ಕಾಣುತ್ತಿದ್ದದ್ದು ಒಂದು ನೀರಿನ ಟಾಕಿ ಮಾತ್ರ. ಶಾಂತಾ ಅದನ್ನೇ ನೋಡುತ್ತ ಕಾಲು ಚಾಚಿ ಮಲಗಿದ್ದಳು.

"ಇಲ್ಲಿ ಭಾಳ ಆರಾಮ ಅದ ರೀ," ಅಂದಳು. "ಯಾರೂ ಏನೂ ಕೇಳಂಗಿಲ್ಲ."

ಇಷ್ಟು ವರ್ಷಗಳಲ್ಲಿ ಆಡದೆ ಉಳಿದ ಯಾವುದಾದರೂ ಒಳ್ಳೆಯ ಮಾತು ಈಗಲಾದರೂ ಆಡಬೇಕೆಂದು ಆಕೆಯ ಕೈ ಹಿಡಿದು ಹತ್ತಿರ ಬಾಗಿದೆ.

"ಶಾಂತಾ," ಅಂದೆ, "ಮುಂಜಾನಿಂದ ಹುಡುಕಾಕತ್ತೀನಿ, ಚಹಾಪುಡಿ ಡಬ್ಬಿ ಎಲ್ಲಿಟ್ಟೀ?"