ಪಾಸಾದ ಬಾಟಲಿ

ಗಂಡ ಸುಜಯನ ದಿನಕರ್ಮಗಳೆಲ್ಲ ಮುಗಿದ ಮರುದಿನ ಬೆಳಿಗ್ಗೆ ಉಜ್ವಲಾ ಮಾಡಿದ ಮೊದಲ ಕೆಲಸ ನೆಲ ಒರೆಸಿದ್ದು. ಬಚ್ಚಲ ಗೂಡಿನಲ್ಲಿದ್ದ ಹಳದಿ ಬಾಟಲಿಯನ್ನು ಪೂರ್ತಿ ಬಕೆಟ್ಟಿಗೆ ಸುರಿದಳು. ಇಷ್ಟು ದಿನದ ಊದಿನಕಡ್ಡಿಯ ಹೊಗೆಗೆ ಅವಳ ಮೂಗು ರಜೆ ಹಾಕಿತ್ತು.

ಎಂಟು ಗಂಟೆಗೆ ಅಂಕಲಿಯ ಆ ಓಣಿಯೆಲ್ಲ ಬಾಗಿಲಿಗೆ ಬಂತು. ಸಾವಿನ ಮನೆಯಲ್ಲಿ ಕರ್ಮ ಮುಗಿಯುವ ತನಕ ಕೊಟ್ಟದ್ದನ್ನು ವಾಪಸ್ ಕೇಳಬಾರದೆಂಬುದು ಓಣಿಯ ರೀತಿ. ಸುಜಯ ಇಸಕೊಂಡದ್ದು ಒಂದೆರಡಲ್ಲ. ತಡೆದುಕೊಂಡಿದ್ದ ಮರ್ಯಾದೆ ಒಮ್ಮೆಲೇ ಕಟ್ಟೆ ಒಡೆದಿತ್ತು.

"ಕುಕ್ಕರ್ ಸಿಕ್ತು. ಸೀಟಿ ಎಲ್ಲೈತಿ?" ಎಂದಳು ಪಕ್ಕದ ಮನೆಯ ಮಂಗಲ.

"ನಮ್ಮವರು ಎಣ್ಣಿ ಇಳಸೂ ಭಟ್ಟಿಗೆ ಹಚ್ಚ್ಯಾರ."

ಏಣಿ ಹೆಗಲಿಗೇರಿಸಿಕೊಂಡ ಭೀಮಗೊಂಡ ಹೋಗದೆ ನಿಂತ. "ತಂಗಿ, ಕೇಳಬಾರದು, ಕೇಳಾಕತ್ತೀನಿ. ಗವತಿ ಚಹಾದ ರಿಪೋರ್ಟ ಇವತ್ತ ಬೇಕ. ಕೊಲ್ಲಾಪುರದ ಆಬಾಸಾಹೇಬ ನಾಳೆ ಬ್ಯಾರೆ ಊರಿಗಿ ಹೊಕ್ಕಾನಂತ."

ಸುಜಯನ ಮಾತು ನಂಬಿ ಭೀಮಗೊಂಡನೂ ಸೇರಿ ಐದು ಮನೆಯವರು ಕಬ್ಬು ಕಿತ್ತು ಗವತಿ ಚಹಾ, ಅಂದರೆ ಮಜ್ಜಿಗೆಹುಲ್ಲು ಹಚ್ಚಿದ್ದರು. ಮೊದಲ ಭಟ್ಟಿಯಲ್ಲಿ ಇಳಿದದ್ದು ಒಂದೇ ಬಾಟಲಿ ಎಣ್ಣೆ. ನಿಂಬೆಯ ಘಮ ಕೊಡುವ ಸಿಟ್ರಾಲ್ ಅದರಲ್ಲಿ ಸಾಕಷ್ಟಿದ್ದರೆ ವ್ಯಾಪಾರಿ ಆಬಾಸಾಹೇಬ ಮುಂದಿನ ಕೊಯ್ಲು ಪೂರ್ತಿ ಕೊಳ್ಳುವವನಿದ್ದ. ಅದನ್ನು ಪರೀಕ್ಷಿಸಬೇಕಾದವಳು ಚಿಕ್ಕೋಡಿಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಉಜ್ವಲಾ.

ಸುಜಯನ ದಿಂಬಿನ ಪಕ್ಕದಲ್ಲಿ ಚೀಟಿಯಿಲ್ಲದ ಗಾಜಿನ ಬಾಟಲಿಯೊಂದಿತ್ತು. ಅದೇ ಎಣ್ಣೆಯೆಂದು ಎದೆಗವುಚಿಕೊಂಡು ಬಸ್ ಹತ್ತಿದಳು.

ಯಂತ್ರ ನೂರಕ್ಕೆ ಎಂಬತ್ತೆರಡು ಎಂದಿತು. ಎರಡು ಸಲ ನೋಡಿದಳು. 'ನಿಮ್ಮ ಭಟ್ಟ್ಯಾಗ ಬಿಸಿನೀರಷ್ಟ ಬರತಾವ' ಎಂದು ಗಂಡನನ್ನು ಹಂಗಿಸಿದ್ದವಳು ಅವಳೇ. ರಿಪೋರ್ಟಿನಲ್ಲಿ 'ತಯಾರಿಸಿದವರು: ಸುಜಯ' ಎಂದು ಬರೆದು, ಸಹಿ ಹಾಕಿ, ಆಬಾಸಾಹೇಬನಿಗೆ ಫೋಟೊ ಕಳಿಸಿದಳು.

ಐದೇ ನಿಮಿಷಕ್ಕೆ ಆಬಾಸಾಹೇಬನ ಫೋನು. "ವಾ ಮ್ಯಾಡಮ್! ನಮ್ಮ ಅಂಗಡಿ ಮಾಲಿಗಿ ಸರೀ ಜೋಡಿ! ಸೌದಾ ಪಕ್ಕಾ!"

ಸಂಜೆ ಓಣಿಯೆಲ್ಲ ಮತ್ತೆ ಅವಳ ಮನೆಯಲ್ಲಿ. ಬೆಳಿಗ್ಗೆ ಕುಕ್ಕರ್ ಒಯ್ದವಳೇ ಈಗ ಚಹಾ ಮಾಡಿ ತಂದಿದ್ದಳು. "ಎಂಥಾ ಕೈಗುಣ ಸುಜಯಂದು!" ಎಂದು ಭೀಮಗೊಂಡ ಕಣ್ಣೊರೆಸಿಕೊಂಡ.

ಕಡೆಗೆ ಬಂದ ಮುದುಕಿ ಸಾವಕ್ಕ ಸೆರಗು ತಿರುವುತ್ತ ನಿಂತಳು. "ಯವ್ವಾ, ಕೇಳಾಕ ನಾಚಿಕಿ ಬರತೈತಿ. ಭಟ್ಟಿ ಎತ್ತಾಕ ಹೋಗಿ ಸುಜಯಂದು ಸೊಂಟ ಹಿಡದಿತ್ತ. ನನ್ನ ಮೊಣಕಾಲಿನ ಎಣ್ಣಿ ಬಾಟ್ಲಿ ಒಯ್ದಿದ್ದ. ಗಾಜಿಂದು. ಚೀಟಿ ಉದರೇತಿ."

ಉಜ್ವಲಾ ಕೈಯಲ್ಲಿದ್ದ ಬಾಟಲಿ ನೋಡಿದಳು. "ಇದರಿ? ಎಲ್ಲಿಂದು?"

"ಹಾಂ, ಅದಽ! ಕೊಲ್ಲಾಪುರದ ಆಬಾಸಾಹೇಬನ ಅಂಗಡಿದು. ನನ್ನ ಮಗಳು ತಂದಾಳ. ಕೊಬ್ಬರಿ ಎಣ್ಣ್ಯಾಗ ನಾಕ ಹನಿ ಹಾಕಿ ಹಚ್ಚಗೋತೀನಿ."

"ಹಂಗಾರ ನಮ್ಮವರು ಇಳಿಸಿದ್ದು ಎಲ್ಲೈತಿ?"

"ಅದು ತಂಪಿನ್ಯಾಗ ಇರಲಿ ಅಂತ ನಿಮ್ಮ ಬಚ್ಚಲ ಗೂಡಿನ್ಯಾಗ ಇಟ್ಟಿದ್ನಲ್ಲ, ಹಳದಿ ಬಾಟ್ಲ್ಯಾಗ. ನನಗ ತೋರ್ಸಿದ್ದ." ಸಾವಕ್ಕ ಮೂಗೆಳೆದಳು. "ಏನ ಯವ್ವಾ, ನಿನ್ನ ನೆಲಾ ಹಿಂಗ ಘಮಘಮ ಅನ್ನಾಕತ್ತೈತಿ!"

ಆಗ ಉಜ್ವಲಾಳ ಮೂಗು ರಜೆ ಮುಗಿಸಿ ಬಂತು. ಮೂಲೆ ಮೂಲೆಯಲ್ಲೂ ಸುಜಯ ಇದ್ದ. ಭೀಮಗೊಂಡ ಹೊಸ್ತಿಲೊಳಗೆ ಆ ನೆಲದ ಮೇಲಿದ್ದ ಕಾಲನ್ನು ಮೆಲ್ಲಗೆ ಹೊರಗೆಳೆದುಕೊಂಡ.

ಉಜ್ವಲಾ ಎಲ್ಲರ ಎದುರೇ ಆಬಾಸಾಹೇಬನಿಗೆ ಫೋನು ಹಚ್ಚಿ ನಡೆದದ್ದನ್ನು ಹೇಳಿದಳು.

"ಅಂದ್ರ, ನಮ್ಮ ಎಣ್ಣಿ ನಮಗಽ ಮಾರಾಕ ಬಂದಿದ್ರ್ಯಾ?" ಎಂದ ಆಬಾಸಾಹೇಬ.

"ಹೌದ್ರಿ."

ಅವನು ಫೋನಿಟ್ಟ.

ಉಜ್ವಲಾ ಬಾಟಲಿಯನ್ನು ಸೆರಗಿನಿಂದ ಒರೆಸಿದಳು. "ನಾಕ ಹನಿ ಕಮ್ಮಿ ಅದಾವ, ಸಾವಕ್ಕ."

"ಇರಲಿ ಬಿಡ. ಎಣ್ಣಿ ಚಲೋ ಐತಂತೇನ?"

"ಪಾಸ್ ಆಗೇತಿ."

ಸುಜಯನ ಹೆಸರಿನ ಮೇಲೆ ಒಂದು ಗೆರೆ ಎಳೆದು, ಬಾಟಲಿಯ ಜೊತೆ ಆ ರಿಪೋರ್ಟನ್ನೂ ಸಾವಕ್ಕನ ಕೈಗೆ ಕೊಟ್ಟಳು.