ಗೋಡೆಗೆ ಮೊಳೆ ಹೊಡೆದ ನನ್ನ ಇಂಗ್ಲಿಷ್

ಸ್ವೀಡನ್ನಿನ ಈ ಉಪ್ಸಾಲಾದಲ್ಲಿ ಕೆಟ್ಟ ಇಂಗ್ಲಿಷ್ ಎಲ್ಲೇ ಹುಟ್ಟಲಿ, ತಿದ್ದಿಸಿಕೊಳ್ಳೋದಕ್ಕೆ ನಮ್ಮ ಮನೆ ಹುಡುಕಿಕೊಂಡೇ ಬರುತ್ತೆ. ಏನು ಮಾಡೋಣ, ನನ್ನ ಇಂಗ್ಲಿಷ್ ಅಂಥದ್ದು. ಲಂಡನ್ನಿನಿಂದ ಬಂದವರೂ ನನ್ನೆದುರು ಎರಡು ಸಲ ಯೋಚಿಸಿ ಬಾಯಿಬಿಡುತ್ತಿದ್ದರು. ಅಂಥ ನನ್ನನ್ನು ಈ ಎಸ್ಸೆಮ್ಮೆಸ್ಸು, ಚಾಟಿನ ಇಂಗ್ಲಿಷ್ ನೆಲಕ್ಕೆ ಕೆಡವಿತು. ಅದನ್ನು ಮನೆಯೊಳಗೆ ತಂದವನು ನನ್ನಕ್ಕನ ಮಗ. ಇಲ್ಲಿನ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಾ ನಮ್ಮ ಮನೆಯಲ್ಲೇ ಇದ್ದ. you ಅಂತ ಪೂರ್ತಿ ಬರೆದರೆ ಬೆರಳು ಸವೆಯುತ್ತೆ ಅಂತ ನಂಬಿದ್ದ ಜೀವ. ಅವನ ಥೀಸಿಸ್ಸಿನ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಅಚ್ಚಾಗಬೇಕು, ಅದೊಂದೇ ಆಸೆಗೆ ಅವನನ್ನು ತಿದ್ದಲು ಕೂತೆ.

ಮೇಲ್

ಗೈಡ್ ಮೇಡಂಗೆ ಅವನು ಬರೆದಿದ್ದು: "hi, r u free 2moro?"

"ಅಲ್ಲಯ್ಯಾ, ಅವರು ನಿನ್ನ ಗೈಡೋ, ಗಲ್ಲಿ ಕ್ರಿಕೆಟ್ಟಿನ ಗೆಳೆಯನೋ?"

"ಇಲ್ಲಿ ಎಲ್ರೂ ಹೀಗೇ ಮಾಮಾ. ಹೆಸರು ಹಿಡಿದೇ ಕರೆಯೋದು."

ಬಿಡ್ತೀನಾ? Respected Madam ಅಂತ ಶುರುಮಾಡಿಸಿ, ಅವರ ಅಮೂಲ್ಯ ಸಮಯ ಕೇಳಿದ್ದಕ್ಕೆ ಕ್ಷಮೆ ಕೋರಿ, ತಮ್ಮ ವಿಧೇಯ ಅನ್ನುವವರೆಗೆ ಒಂದು ಪುಟ ಬರೆಸಿದೆ. ಮೇಡಂ ತಕ್ಷಣ ಅವನಿಗೆ ಫೋನ್ ಮಾಡಿದರು. ಗಾಬರಿಯ ದನಿ: "ಏನಾಯ್ತು? ಪಿಎಚ್‌ಡಿ ಬಿಡ್ತಿದೀಯಾ? ಊರಲ್ಲಿ ಯಾರಾದ್ರೂ ತೀರಿಕೊಂಡ್ರಾ?"

ಇಲಿಗಳು

ಥೀಸಿಸ್ಸಿನ ಕರಡು ಬಂತು. ಪ್ರಯೋಗದಲ್ಲಿ ಇಲಿಗಳು ಸತ್ತವು ಅನ್ನೋ ವಾಕ್ಯದ ಕೊನೆಗೆ ಒಂದು ಅಳುಮುಖ, ಚಾಟಿನಲ್ಲಿ ಹಾಕ್ತಾರಲ್ಲ, ಅದು.

"ಇದೇನೋ?"

"ಬೇಜಾರಾಗಿತ್ತು ಮಾಮಾ. ಒಳ್ಳೇ ಇಲಿಗಳು."

ಅದನ್ನು ಹೊಡೆದುಹಾಕಿ, ಇಲಿಗಳ ಅಗಲಿಕೆಯ ಬಗ್ಗೆ ಗಂಭೀರವಾದ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಸೇರಿಸಿದೆ. ಮೇಡಂ ಆ ಪ್ಯಾರಾದ ಪಕ್ಕದಲ್ಲಿ ಬರೆದು ಕಳಿಸಿದರು: "ಸತ್ತಿದ್ದು ಇಲಿಗಳೋ, ರಾಜಮನೆತನದವರೋ? ಮೊದಲಿದ್ದ ಮುಖವೇ ವಾಸಿ."

ಮೊಳೆ

ಇಲ್ಲೊಂದು ಪದ್ಧತಿ ಇದೆ. ಥೀಸಿಸ್ ಅಚ್ಚಾದ ಮೇಲೆ, ವೈವಾಕ್ಕೆ ಮುಂಚೆ, ಅದನ್ನು ಗೋಡೆಯ ಹಲಗೆಗೆ ನಿಜವಾಗಲೂ ಮೊಳೆ ಹೊಡೆದು ತೂಗುಹಾಕಬೇಕು. ಬಂದುಹೋಗುವವರೆಲ್ಲ ಓದಲಿ ಅಂತ.

ಆ ದಿನ ಸೂಟು ಹಾಕಿಕೊಂಡು ಹೋದೆ. ಹುಡುಗ ಸುತ್ತಿಗೆ ಎತ್ತಿದ, ಮೊಳೆ ಹೊಡೆದ, ಚಪ್ಪಾಳೆಯಾಯಿತು. ಎಲ್ಲರೂ ಇಲ್ಲಿನವರು ಫಿಕಾ ಅನ್ನೋ ಕಾಫಿ, ಬನ್ನಿನ ಕಡೆ ಹೊರಟರು. ನಾನು ಕೃತಜ್ಞತೆಯ ಪುಟ ತೆರೆದು ನನ್ನ ಹೆಸರು ಹುಡುಕಿದೆ. ಇತ್ತು! ದಪ್ಪ ಅಕ್ಷರದಲ್ಲಿ! ಅದರ ಮುಂದೆ:

"thx 4 teachin me all d english i kno."

"ಏನೋ ಇದು?"

"ಸರ್‌ಪ್ರೈಸ್ ಮಾಮಾ! ಉಳಿದಿದ್ದೆಲ್ಲ ನೀವು ಹೇಳಿದ ಹಾಗೆ ಬರೆದೆ. ಇದೊಂದು ಮಾತ್ರ ಮನಸ್ಸಿನಿಂದ."

ಅವನು ಕಾಫಿಗೆ ಹೋದ. ನಾನು ಮೊಳೆ ಹಿಡಿದು ಎಳೆದೆ. ದರಿದ್ರ ಮೊಳೆ, ಅಲ್ಲಾಡಲಿಲ್ಲ. ಅಷ್ಟರಲ್ಲಿ ಯಾರೋ ಬಂದರು. ಪುಸ್ತಕಕ್ಕೆ ಬೆನ್ನು ಒತ್ತಿ ನಿಂತುಬಿಟ್ಟೆ. ಬನ್ನಿಗೆ ಕರೆದರೂ ಕದಲಲಿಲ್ಲ.

ಮೇಡಂ ಕಣ್ಣೊರೆಸಿಕೊಂಡರು. "ನೋಡಿ, ಎಂಥ ಹೆಮ್ಮೆ! ಪುಸ್ತಕ ಬಿಟ್ಟು ಬರ್ತಾನೇ ಇಲ್ಲ!" ಅಂದು ಕ್ಯಾಮೆರಾ ತರಿಸಿದರು.

ಮಾರನೇ ದಿನ ಡಿಪಾರ್ಟ್‌ಮೆಂಟಿನ ವೆಬ್‌ಸೈಟಿನಲ್ಲಿ ನನ್ನ ಫೋಟೋ ಬಂತು. ಕೆಳಗೆ ಏನಾದರೂ ಬರೆಯಬೇಕಲ್ಲ, ಹುಡುಗ ಮನಸ್ಸಿನಿಂದ ಬರೆದ ಆ ಸಾಲನ್ನೇ ಹಾಕಿದ್ದರು.